ಸ್ಟೋರಣ್ಣನ ಫೋನಿಗೆ ಕಾವಲು

ಕಂಪನಿಯವರು ತನ್ನ ಫೋನಿಗೆ ಕಾವಲು ಹಾಕಿದ್ದಾರೆ ಎಂಬ ಸುದ್ದಿಯನ್ನು ಸ್ಟೋರಣ್ಣ ಮೇಲಿನ ಮಹಡಿಯಿಂದ ಕೆಳಗಿನ ನೀರಿನ ಪಂಪಿನವರೆಗೆ ಕಟ್ಟಡದ ಪ್ರತಿಯೊಬ್ಬರಿಗೂ ಖುದ್ದಾಗಿ ಮುಟ್ಟಿಸಿದ. ಮುಟ್ಟಿಸದೆ ಇದ್ದಿದ್ದರೆ ಮುಂದೆ ಆದದ್ದು ಆಗುತ್ತಿರಲಿಲ್ಲವೋ ಏನೋ. ಆದರೆ ಔಷಧದ ಸೀಸೆ ಮಾಡುವ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ರಬ್ಬರ್ ಬಿರಡೆಗಳ ಮೂಟೆ ಕಾಯ್ದ ಮನುಷ್ಯ ಅವನು. ಅಂಥವನನ್ನು ಯಾರೋ ಕಾಯುತ್ತಾರೆ ಎಂದರೆ ಸುಮ್ಮನಿರುವುದು ಹೇಗೆ?

ನಡೆದದ್ದು ಇಷ್ಟೇ. ಉಗ್ರಾಣದ ದಾಸ್ತಾನನ್ನು ಇನ್ನು ಮುಂದೆ ಫೋನಿನಲ್ಲೇ ನೋಡಬೇಕು, ಕಂಪನಿ ಬೇರೆ ಫೋನು ಕೊಡುವುದಿಲ್ಲ, ಅವರವರ ಫೋನಿಗೇ ಕಂಪನಿಯ ಕಾವಲು ಆ್ಯಪ್ ಹಾಕಿಕೊಳ್ಳಬೇಕು ಎಂದು ಆಜ್ಞೆಯಾಯಿತು. ಹೊಸದಾಗಿ ಬಂದಿದ್ದ ಭದ್ರತಾಧಿಕಾರಿ ಊಟದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಉಪನ್ಯಾಸ ಕೊಟ್ಟ. ಅಂಗಿಯ ಜೊತೆಗೆ ಮುಖಕ್ಕೂ ಇಸ್ತ್ರಿ ಹಾಕಿಕೊಂಡು ಬಂದವನಂತೆ ಕಾಣುತ್ತಿದ್ದ. ಫೋನು ಎಂಬ ಮಾತು ಅವನ ಬಾಯಿಂದ ಬರುತ್ತಲೇ ಇರಲಿಲ್ಲ, "ಸಾಧನ" ಎನ್ನುತ್ತಿದ್ದ. ಸಾಧನ ಕಳೆದರೆ ನೌಕರ ಏನು ಮಾಡಬೇಕು, ಕಂಪನಿ ಏನು ಮಾಡುತ್ತದೆ ಎಂಬುದನ್ನೆಲ್ಲ ಬಿಡಿಸಿ ಹೇಳಿದ. ಊಟವಾದ ಮೇಲಿನ ಹೊತ್ತು, ತಲೆಯ ಮೇಲೆ ಫ್ಯಾನು. ಸ್ಟೋರಣ್ಣ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದ. ಆ ವಿದ್ಯೆಯನ್ನು ಉಗ್ರಾಣ ಅವನಿಗೆ ಎಂದೋ ಕಲಿಸಿತ್ತು. ಎಚ್ಚರವಾದಾಗ ಎಲ್ಲರೂ ಫೋನು ಒತ್ತುತ್ತಿದ್ದರು, ಇವನೂ ಒತ್ತಿದ. ಒಪ್ಪಿದೆ, ಒಪ್ಪಿದೆ, ಒಪ್ಪಿದೆ. ಕೊನೆಗೆ ಫೋನು "ಬ್ಯಾಕಪ್ ಮಾಡಲೇ?" ಎಂದು ಕೇಳಿತು. ಅದಕ್ಕೊಂದಕ್ಕೆ "ನಂತರ" ಎಂದ. ಕೊಂಡ ದಿನದಿಂದಲೂ ಅದು ಕೇಳುತ್ತಲೇ ಇತ್ತು, ಇವನು ನಂತರ ಎನ್ನುತ್ತಲೇ ಇದ್ದ.

ಸಂಜೆ ಮೆಟ್ಟಿಲ ಬಳಿ ಕಟ್ಟಡದ ಸಂಘದ ಕಾರ್ಯದರ್ಶಿ ಸಿಕ್ಕಿದ. ವಿದ್ಯುತ್ ಕೆಲಸದಿಂದ ನಿವೃತ್ತನಾದ ಮೇಲೆ, ಯಾರ ಮನೆಯಲ್ಲಿ ಏನು ಕೆಟ್ಟರೂ ಕರೆಯುವ ಮೊದಲೇ ಸ್ಕ್ರೂಡ್ರೈವರ್ ಹಿಡಿದು ಬಂದುಬಿಡುವ ಪರೋಪಕಾರಿ.

"ಕಾವಲು ಯಾಕ್ರೀ? ಅಂಥದ್ದೇನಿದೆ ನಿಮ್ಮ ಫೋನಲ್ಲಿ?"

ಸ್ಟೋರಣ್ಣ ಆಚೀಚೆ ನೋಡಿ ದನಿ ತಗ್ಗಿಸಿದ. "ಹೇಳೋ ಹಾಗಿಲ್ಲ."

ಹೇಳುವುದಕ್ಕೆ ಏನೂ ಇರಲಿಲ್ಲ ಎನ್ನುವುದನ್ನೂ ಹೇಳುವ ಹಾಗಿರಲಿಲ್ಲ.

ಅವನ ಮನೆಯ ಸರಿಯಾಗಿ ಕೆಳಗಿನ ಮನೆಯಲ್ಲಿದ್ದ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದಳು. "ಅಂದ್ರೆ, ನಾವು ಮೆಟ್ಲ ಮೇಲೆ ಮಾತಾಡೋದೆಲ್ಲ ನಿಮ್ಮ ಕಂಪನಿಗೆ ಕೇಳ್ಸುತ್ತಾ?"

"ಕೇಳಿಸ್ಬೋದು. ಕೇಳಿಸ್ದೇನೂ ಇರ್ಬೋದು."

ಅಂದಿನಿಂದ ಸ್ಟೋರಣ್ಣ ಮೆಟ್ಟಿಲಿಳಿದರೆ ಕಟ್ಟಡದಲ್ಲಿ ಮಾತು ನಿಲ್ಲುತ್ತಿತ್ತು. ಟೈಲರಮ್ಮನಂತೂ ಬಾಗಿಲನ್ನೇ ಮುಂದಕ್ಕೆ ತಳ್ಳುತ್ತಿದ್ದಳು. ಇವನು ಅದನ್ನು ಗೌರವ ಎಂದುಕೊಂಡ.

ಮನೆಯೊಳಗೆ ಮಾತ್ರ ಈ ಗೌರವಕ್ಕೆ ಪ್ರವೇಶವಿರಲಿಲ್ಲ. ಅಲ್ಲಿ ಅತ್ತೆ ಇದ್ದಳು. ಸ್ಟೋರಣ್ಣನ ಹೆಂಡತಿ ಹಿಂದಿನ ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಮಗಳಿಲ್ಲದ ಮೇಲೆ ಅಳಿಯನ ಮನೆಯಲ್ಲಿ ಇರುವುದು ಹೇಗೆ ಎಂದು ಅತ್ತೆಯೂ, ಹೋಗಿ ಎನ್ನುವುದು ಹೇಗೆ ಎಂದು ಅಳಿಯನೂ ಯೋಚಿಸುತ್ತ ಇಬ್ಬರೂ ಅಲ್ಲೇ ಉಳಿದುಬಿಟ್ಟರು. ಅತ್ತೆಯ ಕಣ್ಣು ಪೂರಾ ಮಂಜು. ಗೋಡೆಯ ಮೇಲಿನ ಮಗಳ ಫೋಟೊ ಅವಳಿಗೆ ಒಂದು ಕಪ್ಪು ಚೌಕ, ಅಷ್ಟೇ. ಮಗಳ ಫೋನನ್ನು ಮಗ, ಅಂದರೆ ಸ್ಟೋರಣ್ಣನ ಭಾಮೈದ, "ಹಳೇದನ್ನ ಇಟ್ಕೊಂಡು ಏನ್ಮಾಡ್ತೀರಿ ಭಾವ" ಎಂದು ತೆಗೆದುಕೊಂಡು ಹೋಗಿ ಒಳಗಿನದೆಲ್ಲ ತೊಳೆದು ಯಾರಿಗೋ ಕೊಟ್ಟುಬಿಟ್ಟಿದ್ದ. ಉಳಿದದ್ದು ಸ್ಟೋರಣ್ಣನ ಫೋನಿಗೆ ಅವಳು ಆಗಾಗ ಕಳಿಸಿದ್ದ ದನಿಯ ಸಂದೇಶಗಳು ಮಾತ್ರ.

ಕಾರ್ಖಾನೆ ಹತ್ತಿರವೇ ಇದ್ದುದರಿಂದ ಅವನು ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದ. ಬಂದವನೇ ಹೆಂಡತಿಯ ದನಿ ಹಾಕಿ ಫೋನನ್ನು ಅತ್ತೆಯ ಕೈಗೆ ಕೊಡುತ್ತಿದ್ದ. ಅವಳು ಕೆನ್ನೆಗೆ ಒತ್ತಿ ಹಿಡಿದು ಕೂರುತ್ತಿದ್ದಳು.

"ರೀ, ಬರ್ತಾ ಬಚ್ಚಲಿಗೆ ಒಂದು ಬಲ್ಬ್ ತನ್ನಿ. ಮರೀತೀರಾ ಅಂತ ಗೊತ್ತು, ಅದಕ್ಕೇ ಹೇಳ್ತಿರೋದು. ಅಮ್ಮ ಮಾತ್ರೆ ನುಂಗಿದ್ಲಾ ಕೇಳಿ. ನುಂಗಿದೀನಿ ಅಂತಾಳೆ, ನಂಬ್ಬೇಡಿ."

"ನುಂಗ್ತೀನಿ ಕಣೇ," ಎಂದು ಅತ್ತೆ ಫೋನಿಗೆ ಉತ್ತರ ಕೊಟ್ಟು, ಆಮೇಲೆ ಮಾತ್ರೆ ನುಂಗುತ್ತಿದ್ದಳು. ಬೇರೆ ಯಾರು ಹೇಳಿದರೂ ನುಂಗುತ್ತಿರಲಿಲ್ಲ.

ಆ ದಿನವೂ ಹೀಗೇ ಕೂತಿದ್ದಳು. ಸ್ಟೋರಣ್ಣ ಊಟ ಮುಗಿಸಿ ಗೋಡೆಗೆ ಒರಗಿ ತೂಕಡಿಸುತ್ತಿದ್ದ.

"ಮಧ್ಯೆ ಮಧ್ಯೆ ಇದು ಗುರ್ ಅಂತಿದೆ ಕಣಪ್ಪ," ಎಂದಳು ಅತ್ತೆ.

"ಇರ್ಲಿ ಬಿಡಿ ಅತ್ತೆ," ಎಂದು ಇವನು ಕಣ್ಣು ಮುಚ್ಚಿಕೊಂಡೇ ಸಮಾಧಾನ ಹೇಳಿದ.

ಗುರ್ ಎಂದದ್ದು ಮ್ಯಾನೇಜರನ ಕರೆ. ಅತ್ತೆ ಕೆನ್ನೆ ಒತ್ತಿದಾಗಲೆಲ್ಲ ಅದು ಕಟ್ಟಾಗುತ್ತಿತ್ತು. ಮ್ಯಾನೇಜರು ದೊಡ್ಡ ಗಿರಾಕಿಗಳನ್ನು ಎದುರಿಗೆ ಕೂರಿಸಿಕೊಂಡು, ಬಿರಡೆ ಎಷ್ಟಿದೆ ಎಂದು ಕೇಳಲು ಮತ್ತೆ ಮತ್ತೆ ಫೋನು ಮಾಡುತ್ತಿದ್ದ. ಒಬ್ಬ ಸ್ಟೋರ್‌ಕೀಪರ್ ಮ್ಯಾನೇಜರನ ಕರೆಯನ್ನು ಒಂದೇ ಸಮನೆ ಕತ್ತರಿಸುವ ದೃಶ್ಯವನ್ನು ಗಿರಾಕಿಗಳು ಕುತೂಹಲದಿಂದ ನೋಡಿ, ಯೋಚಿಸಿ ಹೇಳುತ್ತೇವೆಂದು ಎದ್ದು ಹೋಗಿದ್ದರು.

ಸ್ಟೋರಣ್ಣ ಕಾರ್ಖಾನೆಗೆ ಮರಳಿದಾಗ ಮ್ಯಾನೇಜರು ಉಗ್ರಾಣದ ಬಾಗಿಲಲ್ಲೇ ನಿಂತಿದ್ದ. ಪಕ್ಕದಲ್ಲಿ ಭದ್ರತಾಧಿಕಾರಿ. ಹಿಂದೆ ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದ ಆಳುಗಳು, ಕೆಲಸ ನಿಲ್ಲಿಸಿ.

"ಕಟ್ ಮಾಡ್ತೀಯಾ? ನನ್ನ ಫೋನನ್ನ? ಅವರೆದುರಿಗೆ?"

ಅತ್ತೆಯ ಕೆನ್ನೆ ತಗುಲಿ ಕಟ್ಟಾಯಿತು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದಿಷ್ಟು ಬೈಗುಳ, ಒಂದಿಷ್ಟು ನಗು. ಆದರೆ ಕಾವಲಿರುವ ಫೋನಿನ ವಿಷಯವನ್ನು ಆ ಆಳುಗಳಿಗೂ ಇವನೇ ಹೇಳಿದ್ದ. ಅಂಥ ಫೋನನ್ನು ಅತ್ತೆ ಕೆನ್ನೆಗೆ ಒತ್ತಿಕೊಂಡು ಕೂರುತ್ತಾಳೆ ಎಂದು ಅವರೆದುರು ಹೇಳಲು ನಾಲಿಗೆ ಏಳಲಿಲ್ಲ.

"ಫೋನು... ಕಳೆದೋಗಿದೆ ಸಾರ್."

"ಕಳೆದೋದ ಫೋನು ತಾನಾಗೇ ಕಟ್ ಮಾಡುತ್ತೇನಯ್ಯಾ?"

"ಕದ್ದೋರು ಮಾಡಿರ್ಬೇಕು ಸಾರ್."

ಹೀಗೆ ಒಂದು ಕಳ್ಳತನ ಹುಟ್ಟಿತು. ಭದ್ರತಾಧಿಕಾರಿಯ ಮುಖದಲ್ಲಿ ಮೊದಲ ಬಾರಿಗೆ ಜೀವ ಕಾಣಿಸಿತು. ಕೆಲಸಕ್ಕೆ ಸೇರಿದಂದಿನಿಂದ ಅವನು ಒಂದೇ ಒಂದು ಕಳ್ಳತನಕ್ಕಾಗಿ ಕಾಯುತ್ತಿದ್ದ. ಸ್ಟೋರಣ್ಣನ ತೋಳು ಹಿಡಿದು ತನ್ನ ಕೋಣೆಗೆ ಎಳೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರಿಸಿದ. ಪರದೆಯ ಮೇಲೆ ಒಂದು ನಕ್ಷೆ, ನಕ್ಷೆಯಲ್ಲಿ ಮಿಣುಕುವ ಕೆಂಪು ಚುಕ್ಕೆ.

"ಸಾಧನ ನಮ್ಮ ಕಾಂಪೌಂಡಿನ ಒಳಗೇ ಇದೆ!" ಎಂದ ಅಧಿಕಾರಿ. ನಕ್ಷೆಯನ್ನು ಹಿಗ್ಗಿಸಿದ. "ಇದೇ ಕಟ್ಟಡ! ಕಳ್ಳ ಇದೇ ಕಟ್ಟಡದಲ್ಲಿದ್ದಾನೆ!"

ಫೋನು ಸ್ಟೋರಣ್ಣನ ಪ್ಯಾಂಟಿನ ಜೇಬಿನಲ್ಲಿ ಬೆಚ್ಚಗೆ ಕೂತಿತ್ತು.

"ಸಾರ್, ತುಂಬಾ ಹತ್ರ ಇದ್ದಂಗಿದೆ," ಎಂದ ಕ್ಷೀಣವಾಗಿ.

"ಹೆದರ್ಬೇಡಿ. ನಾನಿದ್ದೀನಿ."

ಸ್ಟೋರಣ್ಣ ಹೊಟ್ಟೆ ಹಿಡಿದುಕೊಂಡು ಶೌಚಾಲಯಕ್ಕೆ ಓಡಿದ. ಅದು ಸರಕು ಇಳಿಸುವ ಕಟ್ಟೆಯ ಪಕ್ಕದಲ್ಲೇ ಇತ್ತು. ಒಳಗೆ ಚಿಲಕ ಹಾಕಿಕೊಂಡು ಫೋನನ್ನು ಆಫ್ ಮಾಡಿ ಕಾಲುಚೀಲದೊಳಗೆ ಇಳಿಸಿದ. ಹೊರಗೆ ಬರುವಷ್ಟರಲ್ಲಿ ಸೈರನ್ ಕೂಗುತ್ತಿತ್ತು, ದೊಡ್ಡ ಗೇಟು ಮುಚ್ಚುತ್ತಿತ್ತು. ಚುಕ್ಕೆ ಸರಕು ಇಳಿಸುವ ಕಟ್ಟೆಯ ಬಳಿ ಆರಿಹೋಯಿತು ಎಂದು ಭದ್ರತಾಧಿಕಾರಿ ಮೈಕಿನಲ್ಲಿ ಸಾರುತ್ತಿದ್ದ.

ಆಳುಗಳನ್ನು ಸಾಲಾಗಿ ನಿಲ್ಲಿಸಿದರು. ಫೋನಿನ ಗುರುತು ಹಿಡಿಯಬಲ್ಲವನು ಅದನ್ನು ಕಳೆದುಕೊಂಡವನೇ ಆದ್ದರಿಂದ, ಜೇಬು ತಡಕುವ ಕೆಲಸ ಸ್ಟೋರಣ್ಣನಿಗೇ ಬಂತು. ತನ್ನ ಫೋನನ್ನು ಕಾಲುಚೀಲದಲ್ಲಿಟ್ಟುಕೊಂಡು ಅವನು ಊರವರ ಜೇಬಿಗೆಲ್ಲ ಕೈ ಹಾಕುತ್ತ ಸಾಗಿದ. ಬೀಡಿ, ಬಾಚಣಿಗೆ, ಬಸ್ಸಿನ ಚೀಟಿ, ಬಾಯಿ ತೊಳೆಯುವ ಔಷಧದ ಸೀಸೆ. ಕೆಲವರು ಕೈ ಮೇಲೆತ್ತಿ ಮುಖ ಬೇರೆ ಕಡೆ ತಿರುಗಿಸಿಕೊಂಡರು. ನಡೆಯುವಾಗ ಇವನು ಕುಂಟುತ್ತಿದ್ದ; ಆಘಾತದಿಂದ ಹೀಗಾಗಿದೆ ಎಂದು ಅಧಿಕಾರಿ ಪಕ್ಕದವರಿಗೆ ಹೇಳಿದ.

ಉದ್ದಣ್ಣ ಎಂದು ಎಲ್ಲರೂ ಕರೆಯುವ ಎತ್ತರದ ಆಳಿನ ಜೇಬಿನಲ್ಲಿ ಫೋನು ಸಿಕ್ಕಿತು. ಅದೇ ಮಾದರಿ, ಅದೇ ಬಣ್ಣ. ಆಫ್ ಆಗಿತ್ತು.

"ಇದಲ್ಲ ಸಾರ್," ಎಂದ ಸ್ಟೋರಣ್ಣ ತಕ್ಷಣ.

"ನೋಡ್ದೇನೇ ಹೇಗೆ ಹೇಳ್ತೀರಿ? ಆನ್ ಮಾಡಯ್ಯಾ."

"ಚಾರ್ಜಿಲ್ಲ ಸ್ವಾಮಿ," ಎಂದ ಉದ್ದಣ್ಣ.

"ನಮ್ಮ ಸಾಧನ ಆಫ್ ಆಯ್ತು, ನಿನ್ನದೂ ಆಫ್ ಆಯ್ತು! ಬೀಗದ ನಂಬರು ಹೇಳು, ಚಾರ್ಜಿಗೆ ಹಾಕಿ ನೋಡ್ತೀನಿ."

"ನನ್ನ ಹೆಂಡ್ತಿಗೇ ಹೇಳಿಲ್ಲ, ನಿಮಗ್ಯಾಕೆ ಹೇಳ್ಲಿ?"

ಸಾಲಿನಲ್ಲಿ ಯಾರೋ ನಕ್ಕರು. ಆ ನಗುವೇ ಮುಳುವಾಯಿತು. ಮ್ಯಾನೇಜರು ಪೊಲೀಸರಿಗೆ ಫೋನು ಮಾಡಿಸಿದ. ಉದ್ದಣ್ಣನನ್ನು ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂರಿಸಿ ಇಬ್ಬರು ಕಾವಲಿಗೆ ನಿಂತರು. ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ಅವನು ಸ್ಟೋರಣ್ಣನ ಕಡೆ ನೋಡಿದ.

"ನೀನೇ ಹೇಳಣ್ಣ ಇವರಿಗೆ. ನಾನು ಕದಿಯೋನಾ? ಅತ್ತಿಗೆ ಹೋದಾಗ ಆಸ್ಪತ್ರೆಯಿಂದ ನಿನಗೆ ಹೆಗಲು ಕೊಟ್ಟು ಕರ್ಕೊಂಡು ಬಂದೋನು ನಾನಲ್ವಾ?"

ಸ್ಟೋರಣ್ಣ ಅಲ್ಲೇ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಬೂಟು ಬಿಚ್ಚಿದ. ಕಾಲುಚೀಲ ಇಳಿಸಿದ. ಬೆವರಿನಿಂದ ಒದ್ದೆಯಾಗಿದ್ದ ಫೋನನ್ನು ಎತ್ತಿ ತೋರಿಸಿದ.

ಆ ಹೊತ್ತಿಗೆ ಸರಿಯಾಗಿ ಪೊಲೀಸಿನವನು ಒಳಗೆ ಬಂದ.

"ಕಳ್ಳ ಯಾರು?"

ಅಧಿಕಾರಿ ಸ್ಟೋರಣ್ಣನ ಕಡೆ ಕೈ ತೋರಿಸಿದ. "ಇವರು."

"ಕಳ್ಕೊಂಡೋರು?"

"ಅವರೂ ಇವರೇ."

ಪೊಲೀಸಿನವನು ಒಂದು ಕಾಲಿನಲ್ಲಿ ಬೂಟು, ಇನ್ನೊಂದರಲ್ಲಿ ಏನೂ ಇಲ್ಲದೆ ಕೂತಿದ್ದ ಮನುಷ್ಯನನ್ನು ತುಸು ಹೊತ್ತು ನೋಡಿದ. "ಇಬ್ಬರೂ ರಾಜಿಯಾಗಿಬಿಡಿ," ಎಂದು ಹೇಳಿ ಹೊರಟುಹೋದ.

ಉದ್ದಣ್ಣ ಎದ್ದು ತನ್ನ ಫೋನನ್ನು ಅಧಿಕಾರಿಯ ಕೈಯಿಂದ ತೆಗೆದುಕೊಂಡು ಅಂಗಿಗೆ ಒರೆಸಿ ಜೇಬಿಗಿಟ್ಟುಕೊಂಡ. ಹೊಡೆಯುತ್ತಾನೆ ಎಂದು ಎಲ್ಲರೂ ದಾರಿ ಬಿಟ್ಟರು. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಲಾರಿಯ ಹತ್ತಿರ ಹೋಗಿ ಅರ್ಧಕ್ಕೆ ಬಿಟ್ಟಿದ್ದ ಪೆಟ್ಟಿಗೆಯನ್ನು ಹೊತ್ತುಕೊಂಡ. ಹೊಡೆದಿದ್ದರೆ ಚೆನ್ನಾಗಿತ್ತು.

ಮ್ಯಾನೇಜರು ಹೆಚ್ಚೇನೂ ಹೇಳಲಿಲ್ಲ. "ವಿಚಾರಣೆ ಆಗೋ ತನಕ ಮುಖ ತೋರಿಸ್ಬೇಡ," ಎಂದ. ಸ್ಟೋರಣ್ಣ ತಲೆಯಾಡಿಸಿ, ಮನೆಗೆ ಹೊರಡುವ ಮುನ್ನ ಫೋನು ಆನ್ ಮಾಡಲು ಬೆರಳು ಚಾಚಿದ.

"ಮುಟ್ಬೇಡಿ!" ಎಂದು ಭದ್ರತಾಧಿಕಾರಿ ಕಿರುಚಿದ. "ಚುಕ್ಕೆ ಆರಿಹೋದ ಕೂಡ್ಲೇ ನಾನು ಒತ್ತಿಬಿಟ್ಟಿದ್ದೀನಿ."

"ಏನನ್ನ?"

"ಅಳಿಸೋದನ್ನ. ಸಾಧನ ಆನ್ ಆಗಿ ಇಂಟರ್ನೆಟ್ ಸಿಕ್ಕಿದ ತಕ್ಷಣ ಪೂರ್ತಿ ಅಳಿಸಿಹೋಗುತ್ತೆ."

"ಬಿರಡೆ ಲೆಕ್ಕ ಅಳಿಸ್ಕೊಳ್ಳಿ ಸಾರ್. ನಂದು ಬಿಟ್ಬಿಡಿ."

"ಪೂರ್ತಿ ಅಂದ್ರೆ ಪೂರ್ತಿ. ನೀವೇ ಒಪ್ಪಿದ್ದೀರಲ್ಲ."

"ನಾನಾ? ಯಾವಾಗ?"

"ಮೂರು ಸಲ."

ಸ್ಟೋರಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಂದು ಕಾಲಿನಲ್ಲಿ ಇನ್ನೂ ಬೂಟಿರಲಿಲ್ಲ. "ನನ್ನ ಹೆಂಡ್ತಿ ಅದರೊಳಗಿದ್ದಾಳೆ ಸಾರ್," ಎಂದ.

ಅಧಿಕಾರಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಅವನೇನೂ ಕಟುಕನಲ್ಲ. ನಿಯಮ ಓದಿದವನು, ಅಷ್ಟೇ. "ರದ್ದು ಮಾಡಿಸ್ಬೋದು. ಆದ್ರೆ ಪ್ರಧಾನ ಕಚೇರಿಗೆ ನಿಮ್ಮ ಗುರುತು ಖಾತ್ರಿ ಆಗ್ಬೇಕು. ಅವರು ಒಂದು ಗುಟ್ಟಿನ ನಂಬರು ಕಳಿಸ್ತಾರೆ."

"ಎಲ್ಲಿಗೆ?"

"ನಿಮ್ಮ ಫೋನಿಗೆ."

ಇಬ್ಬರೂ ಫೋನನ್ನು ನೋಡಿದರು.

"ನಾನೇ ಇಲ್ಲಿ ನಿಂತಿದ್ದೀನಲ್ಲ ಸಾರ್. ಮುಖ ನೋಡಿ ಖಾತ್ರಿ ಮಾಡ್ಕೊಳ್ಳಿ."

"ಮುಖಕ್ಕೆ ನಿಯಮದಲ್ಲಿ ಅವಕಾಶ ಇಲ್ಲ." ಅಧಿಕಾರಿ ಯೋಚಿಸಿದ. "ಒಂದು ಕೆಲ್ಸ ಮಾಡಿ. ಸಿಮ್ ತೆಗೆದು ಬೇರೆ ಯಾರದಾದ್ರೂ ಫೋನಿಗೆ ಹಾಕಿ, ನಾಳೆ ನನಗೆ ಕರೆ ಮಾಡಿ. ಇವತ್ತು ಅವರು ಬಾಗಿಲು ಹಾಕಿರ್ತಾರೆ. ಅಲ್ಲಿ ತನಕ ಇದನ್ನ ಯಾವ ಕಾರಣಕ್ಕೂ ಆನ್ ಮಾಡ್ಬೇಡಿ."

ಮನೆಗೆ ಬಂದಾಗ ಅತ್ತೆ ಹೆಜ್ಜೆಯ ಸದ್ದಿಗೇ ತಲೆ ಎತ್ತಿದಳು. "ಇಷ್ಟು ಬೇಗ ಬಂದೆಯಲ್ಲ?"

"ರಜಾ ಕೊಟ್ರು ಅತ್ತೆ."

"ಹಾಗಾದ್ರೆ ಫೋನ್ ಕೊಡು, ಇನ್ನೊಂದ್ಸಲ ಕೇಳ್ತೀನಿ."

"ಚಾರ್ಜಿಲ್ಲ."

ಒಂದು ಸುಳ್ಳಿನಿಂದ ಅಷ್ಟು ಅನುಭವಿಸಿ ಬಂದವನು ಬಾಗಿಲು ದಾಟುತ್ತಲೇ ಇನ್ನೊಂದನ್ನು ಹೇಳಿದ್ದ. ನಿಜ ಹೇಳಿದ್ದರೆ ಅತ್ತೆ ಆ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಾಯುತ್ತಿದ್ದಳು. ನಾಳೆ ಸರಿಯಾಗಿಬಿಟ್ಟರೆ ಹೇಳುವ ಅಗತ್ಯವೇ ಇರುವುದಿಲ್ಲವಲ್ಲ ಎಂದು ಇವನು ಅಂದುಕೊಂಡ.

ಮರುದಿನ ಬೆಳಿಗ್ಗೆ ಸೂಜಿಯಿಂದ ಸಿಮ್ಮನ್ನು ಹೊರತೆಗೆದು, ಫೋನನ್ನು ಗೋಡೆಯ ಗೂಡಿನಲ್ಲಿಟ್ಟು, ಕೆಳಗಿಳಿದು ಟೈಲರಮ್ಮನ ಬಾಗಿಲು ತಟ್ಟಿದ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಾಗಿಲು ತೆರೆದಳು. ವಿಷಯ ಕೇಳಿ ಸೂಜಿಗಳನ್ನು ಒಂದೊಂದಾಗಿ ತೆಗೆದಳು.

"ನನ್ನ ಫೋನಿಗಾ? ಕಾವಲಿರೋ ಸಿಮ್ಮಾ? ನಂದೂ ಅಳಿಸಿಹೋದ್ರೆ? ಗಿರಾಕಿಗಳ ಎದೆ ಸೊಂಟ ಎಲ್ಲಾ ಇದ್ರಲ್ಲೇ ಇದೆ!"

"ಅಂಥ ಕಾವಲೇನಿಲ್ಲ ಅಮ್ಮ. ನಾನು ಕೊಚ್ಕೊಂಡಿದ್ದು." ಸ್ಟೋರಣ್ಣ ಹೊಸಿಲ ಮೇಲೆ ನಿಂತೇ ಎಲ್ಲವನ್ನೂ ಹೇಳಿದ. ಜೇಬು, ಕಾಲುಚೀಲ, ಉದ್ದಣ್ಣ, ಅತ್ತೆ, ಮಧ್ಯಾಹ್ನದ ದನಿ. ಎಲ್ಲೂ ಏನನ್ನೂ ಸೇರಿಸದೆ ಅವನು ಮಾತಾಡಿದ್ದು ಬಹುಶಃ ಅದೇ ಮೊದಲು. ಟೈಲರಮ್ಮ ಕೇಳುತ್ತ ಕೇಳುತ್ತ ಮೇಜಿನ ಮೇಲಿದ್ದ ತನ್ನ ಫೋನನ್ನೇ ನೋಡುತ್ತಿದ್ದಳು. ಏನೋ ಹೇಳಲು ಹೊರಟು ಹೇಳಲಿಲ್ಲ.

"ಹಾಕಿ," ಎಂದು ಫೋನು ಕೊಟ್ಟಳು.

ಭದ್ರತಾಧಿಕಾರಿ ಮೀಟಿಂಗಿನಲ್ಲಿದ್ದ. ಮತ್ತೆ ಮಾಡಿದರೂ ಮೀಟಿಂಗು. ಮೀಟಿಂಗಿನ ವಿಷಯ ಸ್ಟೋರಣ್ಣನೇ. ಇವನು ಬಟ್ಟೆಯ ತುಂಡುಗಳ ನಡುವೆ ಸ್ಟೂಲು ಹಾಕಿಕೊಂಡು ಕೂತ. ಅವಳು ಯಂತ್ರ ತುಳಿದಳು. ಮಧ್ಯಾಹ್ನವಾಗತೊಡಗಿತು.

ಮಧ್ಯಾಹ್ನವಾದದ್ದು ಮೇಲೆ ಅತ್ತೆಗೂ ತಿಳಿಯಿತು. ಅಳಿಯನ ಸುಳಿವಿಲ್ಲ. ಗೂಡು ತಡಕಿದಳು, ಫೋನು ಕೈಗೆ ಸಿಕ್ಕಿತು. ಆಗಲೇ ನೀರಿನ ಮೀಟರು ನೋಡಲು ಕಾರ್ಯದರ್ಶಿ ಬಂದ.

"ಇದಕ್ಕೆ ಚಾರ್ಜಿಲ್ವಂತೆ ಕಣಪ್ಪ. ಸ್ವಲ್ಪ ನೋಡ್ತೀಯಾ?"

ಕಾರ್ಯದರ್ಶಿಗೆ ಇದಕ್ಕಿಂತ ಸಿಹಿಯಾದ ಮಾತು ಲೋಕದಲ್ಲಿರಲಿಲ್ಲ. ಚಾರ್ಜಿಗೆ ಹಾಕಿದ. ಆನ್ ಮಾಡಿದ. ಬೀಗದ ನಂಬರು ಕೇಳಿದ. ಮಗಳು ಹುಟ್ಟಿದ ದಿನ ಎಂದು ಅತ್ತೆ ಹೇಳಿದಳು. "ಅರೆ, ಸಿಮ್ಮೇ ಇಲ್ವಲ್ಲಮ್ಮ! ಇರ್ಲಿ, ನಮ್ಮನೆ ವೈಫೈ ಕೊಡ್ತೀನಿ," ಎಂದು ತನ್ನ ಮನೆಯ ಗುಟ್ಟಿನ ಪದವನ್ನು ತುಂಬು ಔದಾರ್ಯದಿಂದ ಒತ್ತಿದ.

ಕೆಳಗೆ ಅಧಿ­ಕಾರಿ ಕೊನೆಗೂ ಫೋನಿನಲ್ಲಿ ಸಿಕ್ಕಿದ್ದ. ಟೈಲರಮ್ಮನ ಫೋನು ಟಿಣ್ ಎಂದಿತು. ಗುಟ್ಟಿನ ನಂಬರು ಬಂತು. ಸ್ಟೋರಣ್ಣ ಒಂದೊಂದೇ ಅಂಕಿಯನ್ನು ಶಾಲೆಯ ಹುಡುಗನಂತೆ ಕೂಗಿ ಓದಿದ. ಆ ಕಡೆ ಕೀಲಿಗಳು ಕಟಕಟ ಎಂದವು. ಆಮೇಲೆ ನಿಂತವು.

"ಸಾರ್? ರದ್ದಾಯ್ತಾ?"

"ಸಾಧನ ಈಗ ಎಲ್ಲಿದೆ?"

"ಗೂಡಲ್ಲಿದೆ. ಆಫ್ ಆಗಿದೆ."

"ಇಲ್ಲಿ 'ಆದೇಶ ಜಾರಿಯಾಗಿದೆ' ಅಂತ ತೋರಿಸ್ತಿದೆ. ಈಗ ತಾನೇ." ಸಮಾಧಾನ ಹೇಳುವುದಕ್ಕೆ ಅಧಿಕಾರಿಗೆ ಗೊತ್ತಿದ್ದದ್ದು ಒಂದೇ ವಾಕ್ಯ. "ಇನ್ನು ಅದರಿಂದ ಯಾರೂ ಏನನ್ನೂ ಕದಿಯೋಕೆ ಆಗಲ್ಲ ಸಾರ್."

ಸ್ಟೋರಣ್ಣ ಮೆಟ್ಟಿಲು ಹತ್ತಿ ಓಡಿದ. ಅತ್ತೆ ತನ್ನ ಜಾಗದಲ್ಲಿ ಕೂತು ಎರಡೂ ಕೈಯಿಂದ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. ಬೆರಳುಗಳು ಗಾಜಿನ ಮೇಲೆ ಅಷ್ಟು ಹೊತ್ತು ಊರಿಕೊಂಡದ್ದರಿಂದ, ಹಿಡಿದವರಿಗೆ ಕಣ್ಣು ಕಾಣಿಸುವುದಿಲ್ಲವೆಂದು ಫೋನೇ ತಿಳಿದುಕೊಂಡು ಯಾವುದೋ ಹೆಣ್ಣುದನಿಯಲ್ಲಿ ಮಾತಾಡತೊಡಗಿತ್ತು.

"ಯಾರೋ ಬೇರೆಯವಳು ಕಣಪ್ಪ," ಎಂದಳು ಅತ್ತೆ. "ಸ್ವಾಗತ ಅಂತಾಳೆ. ಯಾವ ಭಾಷೆ ಬೇಕು ಅಂತಾಳೆ. ನನ್ನ ಮಗಳ ಮಾತು ಬೇಕಮ್ಮಾ ಅಂದೆ. ಮತ್ತೆ ಅದನ್ನೇ ಕೇಳ್ತಾಳೆ."

"ತಾನಾಗೇ ಹೊಸದರ ಹಾಗಾಗ್ಬಿಡ್ತು ನೋಡಿ!" ಎಂದ ಕಾರ್ಯದರ್ಶಿ ಸಂತೋಷದಿಂದ. ಸ್ಟೋರಣ್ಣನ ಮುಖ ಕಂಡು ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಮಾಡಿಕೊಂಡ.

ಆಗ ಹೇಳಲೇಬೇಕಾಯಿತು. ಅತ್ತೆ ಕೊನೆಯವರೆಗೂ ಕೇಳಿ ಫೋನನ್ನು ನೆಲದ ಮೇಲೆ ಮೆಲ್ಲಗೆ ಇಟ್ಟಳು. "ನಿನ್ನೆ ಹೇಳಿದ್ರೆ ನಾನು ಮುಟ್ಟುತ್ತಿದ್ದೆನಾ?" ಎಂದಳು. ಅದಾದ ಮೇಲೆ ಅಳಿಯನ ಜೊತೆ ಮಾತು ನಿಂತಿತು. ಮಾತ್ರೆಯೂ ನಿಂತಿತು. ಕಾಲು ಊದಿಕೊಂಡವು. ಡಾಕ್ಟರು ಬಂದು ಗದರಿದರೆ, "ನುಂಗಿದ್ದೀನಿ," ಎಂದು ಸುಳ್ಳು ಹೇಳುತ್ತಿದ್ದಳು.

ಸ್ಟೋರಣ್ಣ ನೆಂಟರಿಗೆಲ್ಲ ಫೋನು ಮಾಡಿದ: ಯಾರ ಹತ್ತಿರವಾದರೂ ಅವಳ ದನಿ ಇದೆಯೇ? ಭಾಮೈದ, "ಅಯ್ಯೋ, ಅದಕ್ಕೇನು ಭಾವ," ಎಂದು ಅಕ್ಕನ ದೊಡ್ಡ ಫೋಟೊ ಕಳಿಸಿದ. ಕಣ್ಣಿಲ್ಲದ ತಾಯಿಗೆ ಇನ್ನೊಂದು ಚೌಕ. ಮದುವೆಯ ವಿಡಿಯೊ ಒಂದು ಸಿಕ್ಕಿತು. ಅದರ ತುಂಬ ವಾದ್ಯದ ಗದ್ದಲ, ಅವಳ ತುಟಿ ಮಾತ್ರ ಆಡುತ್ತಿತ್ತು. ದೂರದ ದೊಡ್ಡಮ್ಮನೊಬ್ಬಳ ವಿಡಿಯೊದ ಮೂಲೆಯಲ್ಲಿ ಯಾರೋ ಸೀನಿದ್ದು ಇತ್ತು. ಅವಳೇ ಸೀನಿದ್ದು ಎಂದು ದೊಡ್ಡಮ್ಮ ಆಣೆ ಮಾಡಿದಳು. ಅತ್ತೆ ಗಮನವಿಟ್ಟು ಕೇಳಿದಳು. "ಇದು ಅವಳದ್ದಲ್ಲ. ಅವಳು ಯಾವಾಗ್ಲೂ ಎರಡು ಸಲ ಸೀನ್ತಾಳೆ."

ಇದರ ನಡುವೆ ಕಾರ್ಖಾನೆಯ ವಿಚಾರಣೆಯೂ ಮುಗಿಯಿತು. ನೌಕರರ ಸ್ವಂತ ಫೋನುಗಳೇ ಎಲ್ಲ ಅನಾಹುತಕ್ಕೆ ಮೂಲವೆಂದು ತೀರ್ಮಾನವಾಗಿ, ಇನ್ನು ಮುಂದೆ ಯಾರೂ ಫೋನು ಒಳಗೆ ತರಕೂಡದು, ಗೇಟಿನಲ್ಲೇ ಒಪ್ಪಿಸಬೇಕು ಎಂದಾಯಿತು. ಒಪ್ಪಿಸಿಕೊಳ್ಳಲು ಒಬ್ಬ ಬೇಕಲ್ಲ? ಸ್ಟೋರಣ್ಣನನ್ನು ಉಗ್ರಾಣದಿಂದ ತೆಗೆದು ಗೇಟಿನ ಗೂಡಂಗಡಿಯಂಥ ಕೋಣೆಯಲ್ಲಿ ಕೂರಿಸಿದರು. ಬೆಳಿಗ್ಗೆ ಎಲ್ಲರೂ ಅವನ ಮುಂದಿನ ತಟ್ಟೆಗೆ ಫೋನು ಹಾಕಿ ಹೋಗುತ್ತಿದ್ದರು. ಉದ್ದಣ್ಣನೂ ಹಾಕುತ್ತಿದ್ದ, ಬೇರೆಲ್ಲೋ ನೋಡುತ್ತ. "ಚಾರ್ಜಿದೆಯಾ?" ಎಂದು ಒಮ್ಮೆ ಸ್ಟೋರಣ್ಣ ನಗಿಸಲು ನೋಡಿದ. ಉದ್ದಣ್ಣ ನಗಲಿಲ್ಲ.

ಒಂದು ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದಾಗ ಬಾಗಿಲಲ್ಲಿ ಟೈಲರಮ್ಮ ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಫೋನು. ಒಳಗೆ ಬರುವುದೋ ಬೇಡವೋ ಎಂಬಂತೆ ಒಂದು ಕಾಲು ಹೊಸಿಲ ಮೇಲಿತ್ತು.

"ಅಮ್ಮಾ, ನಿಮ್ಮ ಮಗಳ ದನಿ ನನ್ನ ಹತ್ರ ಇದೆ," ಎಂದಳು. "ಆದ್ರೆ ಚೆನ್ನಾಗಿಲ್ಲ."

ಅತ್ತೆ ಕೈ ಚಾಚಿದಳು.

"ನಮ್ಮಿಬ್ರಿಗೂ ಜಗಳ ಆಗಿತ್ತು. ಅವರು ಬೈದು ಕಳಿಸಿದ್ರು. ಕಟ್ಟಡದ ಸಂಘಕ್ಕೆ ದೂರು ಕೊಡೋಣ ಅಂತ ಸಾಕ್ಷಿಗೆ ಇಟ್ಕೊಂಡಿದ್ದೆ. ಅಷ್ಟರಲ್ಲಿ ಅವರು ಆಸ್ಪತ್ರೆಗೆ ಹೋದ್ರು. ಅಳಿಸೋಕೆ ಕೈ ಬರ್ಲಿಲ್ಲ. ತೋರ್ಸೋಕೆ ಮುಖ ಇರ್ಲಿಲ್ಲ."

"ಹಾಕು," ಎಂದಳು ಅತ್ತೆ.

ಟೈಲರಮ್ಮ ಒತ್ತಿದಳು. ದನಿ ಗೋಡೆಗಳಿಗೆ ಬಡಿಯಿತು.

"ಏನ್ರೀ, ಎರಡು ಮೀಟರ್ ಬಟ್ಟೆ ಕೊಟ್ರೆ ಕರವಸ್ತ್ರ ಹೊಲಿದು ಕೊಡ್ತೀರಾ? ನಾನೇನು ತೆಳ್ಳಗಾಗ್ತೀನಿ ಅಂತ ಕಾಯ್ತಿದ್ದೀರಾ? ಉಳಿದ ಬಟ್ಟೆ ಎಲ್ಲಿ? ನಿಮ್ಮ ಕಿಟಕಿ ಪರದೆ ನಾನು ನೋಡಿಲ್ಲ ಅಂದ್ಕೊಂಡ್ರಾ? ಅದೇ ಬಣ್ಣ, ಅದೇ ಹೂವು! ನಮ್ಮನೆಯವರಿಗೆ ಹೇಳಿ ಕಳಿಸ್ತೀನಿ ಅಂದ್ಕೊಂಡಿದ್ರೆ ಬಿಟ್ಬಿಡಿ. ಅವರಿಗೆ ಹೇಳಿ ಏನೂ ಪ್ರಯೋಜನ ಇಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ನಾನೇ ಬರ್ತೀನಿ. ಇರಿ, ಈಗಲೇ ಬರ್ತೀನಿ."

ಅಲ್ಲಿಗೆ ನಿಂತಿತು. ಟೈಲರಮ್ಮ ತಲೆ ತಗ್ಗಿಸಿದ್ದಳು. ಸ್ಟೋರಣ್ಣನ ಕೈ ತಟ್ಟೆಯಲ್ಲೇ ಇತ್ತು. ಅತ್ತೆಯ ಬೆನ್ನು ಎಷ್ಟೋ ದಿನಗಳ ಮೇಲೆ ನೆಟ್ಟಗಾಗಿತ್ತು.

"ಸರಿಯಾಗೇ ಕೇಳಿದ್ದಾಳೆ," ಎಂದಳು. "ಬಟ್ಟೆ ಇಟ್ಕೊಂಡಿದ್ದು ನಿಜಾನಾ?"

"ಉಳಿದಿತ್ತಮ್ಮ..."

"ಎಷ್ಟು?"

"ಒಂದು ಕಿಟಕಿಯಷ್ಟು."

"ಇನ್ನೊಂದ್ಸಲ ಹಾಕು."

ಇನ್ನೊಂದು ಸಲ ಹಾಕಿದಳು. ಮುಗಿದ ಮೇಲೆ ಸ್ಟೋರಣ್ಣ ಕೈ ಒರೆಸಿಕೊಂಡು ತನ್ನ ಫೋನು ತೆಗೆದ. "ಅದನ್ನ ನನಗೆ ಕಳಿಸಿಬಿಡಿ ಅಮ್ಮ. ನಿಮಗ್ಯಾಕೆ ಮತ್ತೆ ಮತ್ತೆ ಮೆಟ್ಲು ಹತ್ತೋ ತೊಂದ್ರೆ."

"ಅವನ ಫೋನಿಗೆ ಹಾಕ್ಬೇಡ," ಎಂದಳು ಅತ್ತೆ. ಅಷ್ಟು ದಿನಗಳಲ್ಲಿ ಅಳಿಯನ ವಿಷಯವಾಗಿ ಅವಳಾಡಿದ ಮೊದಲ ಮಾತು ಅದು. "ನೀನೇ ಬಾ."

ಅಂದಿನಿಂದ ಟೈಲರಮ್ಮ ಮಧ್ಯಾಹ್ನವಾದರೆ ಯಂತ್ರ ನಿಲ್ಲಿಸಿ ಮೇಲೆ ಬರುತ್ತಾಳೆ. ಅತ್ತೆಯ ಎದುರು ಕೂತು, ತನ್ನ ಫೋನನ್ನು ತಾನೇ ಒತ್ತಿ, ಸತ್ತವಳಿಂದ ತಪ್ಪದೆ ಬೈಸಿಕೊಳ್ಳುತ್ತಾಳೆ. ಸ್ಟೋರಣ್ಣ ಒಳಗೆ ಊಟ ಮಾಡುತ್ತ ತನ್ನ ಪಾಲಿನದನ್ನು ಕೇಳಿಸಿಕೊಳ್ಳುತ್ತಾನೆ. "ಈಗಲೇ ಬರ್ತೀನಿ" ಎಂಬಲ್ಲಿ ದನಿ ನಿಂತ ಮೇಲೆ ಮೂವರೂ ತುಸು ಹೊತ್ತು ಕಾಯುತ್ತಾರೆ. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸದ್ದಾದರೆ ಅತ್ತೆ ಬಾಗಿಲ ಕಡೆ ತಿರುಗುತ್ತಾಳೆ. ಹೆಜ್ಜೆ ದಾಟಿ ಮೇಲಕ್ಕೆ ಹೋಗುತ್ತದೆ.

"ಆಯ್ತು, ಹೋಗು," ಎನ್ನುತ್ತಾಳೆ ಟೈಲರಮ್ಮನಿಗೆ. "ನಾಳೆ ಬಾ."